ಷರಾ

ಇಳಕಲ್ಲ ನೇಕಾರರ ಸಂಘದ ಹಿಂದಿನ ಕೋಣ್ಯಾಗ
ಫ್ಯಾನಿಗಿಂತ ಜೋರಾಗಿ ಉಸಿರು ಬಿಡೂ ಹಳೇ ಕಂಪ್ಯೂಟರು.
ಅದರೊಳಗ ಸಾವಿರದ ಏಳುನೂರಾ ಹನ್ನೆರಡು ಹೆಸರು,
ಹತ್ತೊಂಬತ್ತು ವರ್ಷದ ನೂಲು, ಕೂಲಿ, ಮುಂಗಡ.
ಎಲ್ಲಾ ಯೂನಿಕೋಡಿಗೆ ಏರಿಸು ಅಂದಾರ,
ಮಾರ್ಚ್ ಮುಗಿಯೂದರೊಳಗ.

ಫಾಂಟು ತೆಗೆದು ನೋಡಿದೆ.
ಕನ್ನಡ ಇರಲೇ ಇಲ್ಲ ಅಲ್ಲಿ.
ನೆತ್ತಿಗೆ ಉಂಗುರ ತೊಟ್ಟ ಇಂಗ್ಲಿಷ್ ಎ, ಬಾಲ ಬಂದ ಸಿ,
ಎರಡು ಚುಕ್ಕಿ ಹೊತ್ತ ಯು, ನಡುವ ಒಂದು ಪೌಂಡಿನ ಗುರುತು.
ಇಷ್ಟು ವರ್ಷ ಇವರೇ ನಮ್ಮ ಮಂದಿ ವೇಷ ಕಟ್ಟಿಕೊಂಡು
ಹೆಸರು ಕೂಗಿದಾಗೆಲ್ಲ ಓ ಅಂದವರು.

ನಮ್ಮ ಕಡೆ ಸೀರಿಗೆ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ.
ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತಾರ.
ನಂದೂ ಅದೇ ಕೆಲಸ ಅಂದುಕೊಂಡಿದ್ದೆ,
ಈ ಕಡೆ ಹಳೇ ಎಳಿ, ಆ ಕಡೆ ಹೊಸಾ ಎಳಿ.
ತಪ್ಪು ತಿಳಿದಿದ್ದೆ. ಎಳಿ ಪಾಡಿಗೆ ಎಳಿ ಸುಮ್ಮನಿರ್ತದ,
ಅಕ್ಷರ ಹಿಂದ ಮುಂದ ಸರೀತದ.

ಹಳೇದರಾಗ ಅರ್ಕಾವೊತ್ತು ಅಕ್ಷರ ದಾಟಿ ಕೂಡೂದು, ಕಣ್ಣಿಗೆ ಕಂಡಂಗ.
ಹೊಸದರಾಗ ಮೊದಲು ನಿಲ್ಲೂದು, ಬಾಯಿ ಆಡಿದಂಗ.
ಮೊದಲ ರಾತ್ರಿ
ಪಾರ್ವತೆವ್ವ ಪಾವರ್ತೆವ್ವ ಆಗಿ ಎದ್ದಳು,
ದುರ್ಗಪ್ಪ ದುಗರ್ಪ್ಪ.
ಮಾರ್ತಂಡಸಾನ ಹೆಸರು ಓದಾಕ ಹೋಗಿ ನಾಲಗಿ ಕಚ್ಚಿಕೊಂಡೆ.
ವಿಳಾಸದ ತುದಿಗೆ ನಮ್ಮ ರಾಜ್ಯ: ಕನಾರ್ಟಕ.

ಸರಿ ಮಾಡಿದೆ. ಯಾದಿ ಅಕಾರಾದಿ ಹಚ್ಚಿದೆ.
ಹಳೇ ಲೆಕ್ಕದಾಗ ಯ ಎಲ್ಲರಿಗಿಂತ ಮೊದಲು,
ಯಾಕಂದರ ವೇಷದೊಳಗ ಅದು ಇಂಗ್ಲಿಷ್ ಎ.
ಹತ್ತೊಂಬತ್ತು ವರ್ಷ ಬಟವಾಡೆಗೆ ಮೊದಲ ಕೂಗು ಕೇಳಿದ
ಯಲ್ಲೂಸಾ ಕಠಾರೆ, ಈಗ ಮ ದಾಟಿದ ಮ್ಯಾಲ.
ಬಂದು ಬಾಗಿಲದಾಗ ನಿಂತ:
"ನಾ ಏನ ತಪ್ಪ ಮಾಡೇನ್ರಿ ಬಾಯಾರ?"

ಕಡೇ ಕಾಲಂ ಷರಾ.
ಆ ಡಬ್ಬಿಗೆ ಫಾಂಟು ಹಚ್ಚೂದ ಮರತಿದ್ದರು ಪ್ರೋಗ್ರಾಂ ಬರೆದವರು.
ಕಸ ಕಾಣ್ತಿತ್ತು. ವೈರಸ್ ಅಂತ ಯಾರೂ ಮುಟ್ಟಿರಲಿಲ್ಲ.
ಬಿಡೂದ್ಯಾಕ ಅಂತ ಅದನ್ನೂ ಹಾಕಿದೆ.

ಖಾಜಾಬಿ. ನನಗಿಂತ ಮೊದಲ ಇದೇ ಕುರ್ಚಿ ಮ್ಯಾಲ ಕೂತಾಕಿ.
ತಾ ಹೊಡೆದದ್ದು ತನಗೇ ಕಾಣದ ಡಬ್ಬಿಯೊಳಗ
ಬೆರಳಿನ ನೆಪ್ಪಿನ ಮ್ಯಾಲ ಬರದಾಳ:

ಗೋಮಿ ದಡಿ ಇವನಷ್ಟು ನೆಟ್ಟಗ ಯಾರೂ ಹಿಡಿಯೂದಿಲ್ಲ.
ಎಡಗೈಲೆ ಕೊಂಡಿ ಹಾಕ್ತಾಳ.
ಕೂಲಿ ಎಣಿಸಿಕೊಳ್ಳಲಿಲ್ಲ, ಎಣಿಕಿ ಬರೂದಿಲ್ಲ ಅನ್ನಾಕ ನಾಚಿಕಿ.
ಇವತ್ತ ಅತ್ತಳು. ನಾ ಕೇಳಲಿಲ್ಲ.
ಮೂರು ವರ್ಷದ ಮ್ಯಾಲ ಅದೇ ಹೆಸರಿಗೆ:
ಇವತ್ತ ಕೇಳಿದೆ.

ಬಾಳ ಹೊತ್ತು ಮುಂದಿನ ಸಾಲಿಗೆ ಹೋಗಲಿಲ್ಲ.

ಹೋದಾಗ ಸಿಕ್ಕಿತು ಸದಸ್ಯ ನಂಬರ್ ಸಾವಿರದ ಏಳುನೂರಾ ನಾಲ್ಕು.
???????
ಏಳು. ಷೇರು ನೂರು ರೂಪಾಯಿ. ವಿಳಾಸ ಖಾಲಿ.
ಇದು ಖಾಜಾಬಿದಲ್ಲ, ನಂದು. ನನ್ನ ಮೊದಲ ವಾರದ್ದು.
ಹೊಸಾ ಕೀಲಿಮಣೆಲೆ ಹಳೇ ಪ್ರೋಗ್ರಾಮಿನಾಗ ಹೊಡೆದು,
ಹಿಂಗ್ಯಾಕಾತು, ಆಮ್ಯಾಲ ನೋಡೂಣು ಅಂತ ಉಳಿಸಿದ್ದೆ.
ವೇಷ ಇದ್ದರ ಬಿಚ್ಚಬಹುದು.
ಇದರೊಳಗ ಯಾರೂ ಇಲ್ಲ.

ಬೆರಳು ಮಡಿಚಿ ಎಣಿಸಿದೆ ಯಂತ್ರ ಎಣಿಸಿದಂಗ,
ಕೊಂಬು ಬ್ಯಾರೆ, ಸೊನ್ನಿ ಬ್ಯಾರೆ, ಒತ್ತು ಬ್ಯಾರೆ.
ನಿಂಗವ್ವ ಏಳು.
ಗುಂಡಪ್ಪ ಏಳು.
ಶಾಂತವ್ವ, ಸುಗಲವ್ವ, ಅವರಿಗೂ ಏಳೇ.

ಹೊರಗ ಬಟವಾಡೆಗೆ ಬಂದವರು ಕಟ್ಟಿ ಮ್ಯಾಲ ಕೂತಿದ್ದರು.
ಯಾದಿ ಹಿಡಕೊಂಡು ಬಾಗಿಲಿಗೆ ಬಂದೆ.
ಯಾರ ಹೆಸರು ಬಿಟ್ಟದ, ಹೇಳ್ರಿ, ಅಂದೆ.
ಎಲ್ಲರಿಗಿಂತ ಮೊದಲ ಕೈ ಎತ್ತಿದಾಂವ
ಯಲ್ಲೂಸಾ ಕಠಾರೆ.